ನೇಪಾಳಕ್ಕೆ ಜೊತೆಯಾಗಿ ಹೋದ ಗೆಳತಿಯರು ಮಾತು ಬಿಟ್ಟು ಬಂದಿದ್ದಾರೆ

ಪ್ರಶ್ನೆ: ನಾವು ಮೈಸೂರಿನವರು. ನನ್ನ ಮಗಳಿಗೆ ಹದಿನಾರು ತುಂಬಿದೆ, ಈಗ ದ್ವಿತೀಯ ಪಿಯುಸಿ. ಐದನೇ ತರಗತಿಯಿಂದ ಅವಳಿಗೆ ಒಬ್ಬಳೇ ಆಪ್ತ ಗೆಳತಿ. ಎರಡು ಮನೆಗಳಲ್ಲೂ ಕೇಳದೆಯೇ ಇಬ್ಬರಿಗೂ ತಟ್ಟೆ ಹಾಕುವಷ್ಟು ಬಳಕೆ. ಕಳೆದ ಮೇ ತಿಂಗಳಲ್ಲಿ ಇಬ್ಬರೂ ಒಂದು ಸಂಸ್ಥೆಯ ತಂಡದ ಜೊತೆ ಎರಡು ವಾರ ನೇಪಾಳದ ಗೋರ್ಖಾ ಜಿಲ್ಲೆಯ ಹಳ್ಳಿ ಶಾಲೆಯೊಂದಕ್ಕೆ, ಅಲ್ಲಿನ ಗ್ರಂಥಾಲಯ ಜೋಡಿಸುವ ಸ್ವಯಂಸೇವೆಗೆ ಹೋಗಿದ್ದರು. ಈ ವಯಸ್ಸಿನ ವಿದ್ಯಾರ್ಥಿಗಳಿಗೆ ಪ್ರಾಂಶುಪಾಲರ ಗುರುತುಪತ್ರವಿದ್ದರೆ ಪಾಸ್‌ಪೋರ್ಟ್ ಕೂಡ ಬೇಡವೆಂದು ಗೊತ್ತಾದಾಗ ನಮಗೆ ಅದು ವಿದೇಶವೆಂಬ ಅಳುಕೇ ಹುಟ್ಟಲಿಲ್ಲ. ಹೋಗುವಾಗ ಒಂದೇ ಬ್ಯಾಗಿನಲ್ಲಿ ಇಬ್ಬರ ಚಟ್ನಿಪುಡಿ ಇತ್ತು. ಬರುವಾಗ ವಿಮಾನದಲ್ಲಿ ಸೀಟು ಬದಲಿಸಿಕೊಂಡು ಬಂದಿದ್ದಾರೆ.

ಮಗಳಿಂದ ತುಂಡು ತುಂಡಾಗಿ ತಿಳಿದದ್ದು ಇಷ್ಟು. ಗೆಳತಿಯ ತಂದೆ ಬ್ಯಾಂಕಿನವರು, ಕೆಲವು ವರ್ಷ ನಾಗಪುರದಲ್ಲಿದ್ದುದರಿಂದ ಅವಳಿಗೆ ಹಿಂದಿ ಸರಾಗ. ಹಾಗಾಗಿ ಎರಡೇ ದಿನದಲ್ಲಿ ಅವಳು ಊರಿನವರಿಗೂ ತಂಡದವರಿಗೂ ಅಚ್ಚುಮೆಚ್ಚಾದಳು. ಅವಳು ಶಾಲೆಯ ಪುಟ್ಟ ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡಾಗ ನನ್ನ ಮಗಳು ಎಲ್ಲರೆದುರು 'ಇದು ಶೋಕಿ' ಎಂದಳಂತೆ. ಮಗಳಿಗೆ ಹೊಟ್ಟೆ ಕೆಟ್ಟು ಮಲಗಿದ ದಿನ ಗೆಳತಿ ಉಳಿದವರ ಜೊತೆ ಗೋರ್ಖಾ ದರ್ಬಾರ್ ಎಂಬ ಹಳೆಯ ಅರಮನೆ ನೋಡಲು ಹೋದಳು. ಎರಡನೆಯ ಶನಿವಾರ ಶಾಲೆಗೆ ರಜೆ. ಗೆಳತಿಯೂ ಇನ್ನು ಮೂವರೂ ಯಾರಿಗೂ ಹೇಳದೆ ನದಿಗೆ ಇಳಿದು ಹೋದರು. ಕತ್ತಲಾಗುತ್ತಾ ಬಂದರೂ ಅವರು ಬಾರದಿದ್ದಾಗ ಮಗಳು ಉಸ್ತುವಾರಿ ಮೇಡಂಗೆ ತಿಳಿಸಿದಳು. ಅವರನ್ನು ಕರೆತಂದ ಮೇಲೆ ಮೇಡಂ ಇಡೀ ತಂಡದ ಮುಂದೆ ಬೈದು, 'ನಿನ್ನ ಗೆಳತಿಯೇ ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ' ಎಂದರಂತೆ. ಮನೆಗಳಿಗೂ ಫೋನ್ ಹೋಯಿತು. ಅಂದಿನಿಂದ ಗೆಳತಿ ಮಾತು ಬಿಟ್ಟಿದ್ದಾಳೆ, ವಾಟ್ಸ್ಆ್ಯಪ್‌ನಲ್ಲಿ ಬ್ಲಾಕ್ ಮಾಡಿದ್ದಾಳೆ, ತಂಡದ ಇತರರ ಬಳಿ ಇವಳನ್ನು 'ಚಾಡಿಕೋರಿ' ಎನ್ನುತ್ತಾಳೆ. ಮಗಳು ಸರಿಯಾಗಿ ನಿದ್ದೆ ಮಾಡುತ್ತಿಲ್ಲ. ಇದರ ಮೇಲೆ ಇಬ್ಬರೂ ಸೇರಿ ಜುಲೈ ಕೊನೆಗೆ ಕಾಲೇಜಿಗೆ ಒಂದು ವರದಿ ಕೊಡಬೇಕಿದೆ.

ಪ್ರಯಾಣದಲ್ಲಿ ಮನುಷ್ಯರ ನಿಜಬಣ್ಣ ಬಯಲಾಗುತ್ತದೆ ಎನ್ನುತ್ತಾರೆ. ಆ ಹುಡುಗಿಯ ಬಣ್ಣ ಇದೇ ಇರಬಹುದೇ? ನಾನು ಅವಳ ತಾಯಿಯೊಡನೆ ಮಾತಾಡಿ ಇಬ್ಬರನ್ನೂ ಮನೆಗೆ ಕರೆದು ರಾಜಿ ಮಾಡಿಸಲೇ, ಅಥವಾ ಸೆಕ್ಷನ್ ಬದಲಿಸಲೇ? ಇಂಥ ಪ್ರವಾಸಗಳಿಗೆ ಇನ್ನು ಕಳಿಸಲೇಬಾರದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಎರಡು ಎಂದು ನನಗನಿಸುತ್ತದೆ. ಮಗಳು ಮಾಡಿದ್ದು ಸರಿಯೇ ಎಂಬುದು ಒಂದು; ಸರಿಯಾದದ್ದನ್ನೇ ಮಾಡಿದ್ದರೆ ಗೆಳೆತನ ಏಕೆ ಮುರಿಯಬೇಕಿತ್ತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೇರ ಉತ್ತರವಿದೆ. ಪರಊರಿನಲ್ಲಿ, ಕತ್ತಲಾಗುವ ಹೊತ್ತಿಗೆ, ನಾಲ್ವರು ನದಿಯಿಂದ ಹಿಂತಿರುಗದಿದ್ದಾಗ ಹೊಣೆ ಹೊತ್ತ ದೊಡ್ಡವರಿಗೆ ತಿಳಿಸಿದ್ದು ಸರಿ. ಇನ್ನೊಮ್ಮೆ ಅಂಥ ಸಂದರ್ಭ ಬಂದರೆ ಅವಳು ಹಾಗೆಯೇ ಮಾಡಬೇಕು. ಆದರೆ ಸರಿಯಾದ ಕೆಲಸದಿಂದಲೂ ಗೆಳತಿಗೆ ಪೆಟ್ಟು ಬೀಳಬಹುದು, ಆ ಪೆಟ್ಟು ನಾಟಕವಲ್ಲದೆ ನಿಜವಾದ ನೋವೇ ಆಗಿರಬಹುದು. ಈಗ ನಿಮ್ಮ ಮನೆಯಲ್ಲಿ 'ನಾವು ಮಾಡಿದ್ದು ಸರಿ, ಅವಳು ಕೋಪಿಸಿಕೊಳ್ಳುವುದಕ್ಕೆ ಏನಿದೆ' ಎಂಬ ಮಾತೂ, ಆ ಮನೆಯಲ್ಲಿ ಬಹುಶಃ 'ನಮ್ಮ ಮಗಳ ಮಾನ ಹೋಯಿತು, ಆದ್ದರಿಂದ ಹೇಳಿದ್ದೇ ತಪ್ಪು' ಎಂಬ ಮಾತೂ ನಡೆದಿರುತ್ತದೆ. ಎರಡೂ ಕಡೆಯವರು ಅರ್ಧರ್ಧ ಸತ್ಯವನ್ನು ಹಿಡಿದುಕೊಂಡಿದ್ದಾರೆ. ಮುಂದೆ ನೀವು ಏನೇ ಮಾಡುವುದಿದ್ದರೂ ನದಿಯ ವಿಷಯವನ್ನೂ ಗೆಳೆತನದ ವಿಷಯವನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡು ಮಾಡಿ ಎಂಬುದು ನನ್ನ ಮೊದಲ ಸಲಹೆ. ನಾನು ಕೇಳಿರುವುದು ಒಂದೇ ಕಡೆಯ ಮಾತನ್ನು, ಅದೂ ನಿಮ್ಮ ಮೂಲಕ, ಎಂಬುದು ನೆನಪಿರಲಿ.

ನಿಜಬಣ್ಣದ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಜನ ಅದರ ಮೇಲೆ ಹೊರಿಸುವಷ್ಟು ಭಾರವನ್ನು ಅದು ತಾಳಲಾರದು. ಪ್ರಯಾಣದಲ್ಲಿ ನಮಗೆ ಕಾಣುವುದು ನಿದ್ದೆಗೆಟ್ಟ, ಹಸಿದ, ಮನೆಯ ಆಸರೆ ಇಲ್ಲದ, ದಿನದ ಇಪ್ಪತ್ನಾಲ್ಕು ಗಂಟೆಯೂ ಇತರರ ಕಣ್ಣೆದುರಿಗೇ ಇರುವ ಮನುಷ್ಯ. ಅದು ಅವನ ಒಂದು ಮುಖ ನಿಜ. ಅದೇ ನಿಜವಾದ ಮುಖ, ಏಳು ವರ್ಷ ನಿಮ್ಮ ಮನೆಯಲ್ಲಿ ಉಂಡು ಓದಿ ನಕ್ಕ ಹುಡುಗಿಯದು ಮುಖವಾಡ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಹದಿಹರೆಯದಲ್ಲಿ ನಿದ್ದೆಯ ಜೈವಿಕ ಗಡಿಯಾರವೇ ಹಿಂದಕ್ಕೆ ಸರಿದಿರುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಆದರೂ ಅವರಿಗೆ 8ರಿಂದ 10 ಗಂಟೆಯ ನಿದ್ದೆ ಬೇಕು. ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ನಸುಕಿಗೇ ಎಬ್ಬಿಸುತ್ತಾರೆ, ರಾತ್ರಿ ಹರಟೆ ತಡವಾಗಿ ಮುಗಿಯುತ್ತದೆ. ನೇಪಾಳದ ಹಳ್ಳಿಗಳಲ್ಲಿ ಮುಖ್ಯ ಊಟ ಎರಡೇ ಹೊತ್ತು: ಬೆಳಿಗ್ಗೆ ಒಂಬತ್ತು-ಹತ್ತರ ಸುಮಾರಿಗೆ ಒಮ್ಮೆ ದಾಲ್-ಭಾತ್, ಸಂಜೆ ಕಳೆದ ಮೇಲೆ ಮತ್ತೊಮ್ಮೆ, ನಡುವೆ ಖಾಜಾ ಎನ್ನುವ ಲಘು ತಿಂಡಿ. ಎಂಟಕ್ಕೆ ತಿಂಡಿ, ಒಂದಕ್ಕೆ ಊಟ ಎಂದು ಬೆಳೆದ ನಮ್ಮ ಮಕ್ಕಳು ಮಧ್ಯಾಹ್ನ ಎರಡರ ಹೊತ್ತಿಗೆ ಕಾರಣವಿಲ್ಲದೆ ಸಿಡುಕುತ್ತಾರೆ. ಕಾರಣ ಹೊಟ್ಟೆಯಲ್ಲಿದೆ ಎಂದು ಅವರಿಗೂ ಹೊಳೆಯುವುದಿಲ್ಲ. ಹೊಟ್ಟೆ ಕೆಟ್ಟು ಮಲಗಿದ್ದ ನಿಮ್ಮ ಮಗಳಿಗೆ ಆ ದಿನ ಗೆಳತಿ ಬಿಟ್ಟುಹೋದದ್ದು ಎಷ್ಟು ದೊಡ್ಡದಾಗಿ ಕಂಡಿತೋ, ಒಂದೇ ಸಲ ಸಿಗುವ ಅವಕಾಶವೆಂದು ಬೆಟ್ಟ ಹತ್ತಿ, ನೇಪಾಳವನ್ನು ಒಂದುಗೂಡಿಸಿದ ರಾಜ ಪೃಥ್ವೀನಾರಾಯಣ ಶಹಾನ ಅರಮನೆ ನೋಡಲು ಹೋದ ಹುಡುಗಿಗೆ ಅದು ಅಷ್ಟೇ ಚಿಕ್ಕದಾಗಿ ಕಂಡಿರಬಹುದು. 'ನಾನು ಉಳಿಯಲಾ?' ಎಂದು ಅವಳು ಕೇಳಿದ್ದಳೇ, ಇವಳು 'ಬೇಡ, ನೀನು ಹೋಗು' ಎಂದು ಹೇಳಿ ಒಳಗೊಳಗೇ ಉಳಿಯಲಿ ಎಂದು ಬಯಸಿದ್ದಳೇ ಎಂಬುದನ್ನು ಮಗಳಿಂದ ಸಮಾಧಾನವಾಗಿ ಕೇಳಿ ತಿಳಿಯಿರಿ. ಈ ವಯಸ್ಸಿನ ಬಿರುಕುಗಳಲ್ಲಿ ಹೇಳದೆ ಉಳಿದ ಇಂಥ ಒಂದು ಮಾತು ಆಗಾಗ ಸಿಗುತ್ತದೆ.

ನಿಮ್ಮ ಪತ್ರದಲ್ಲಿ ನೀವು ಹಗುರವಾಗಿ ಬರೆದು ಮುಂದೆ ಹೋದ ಹಿಂದಿಯ ವಿಷಯವೇ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನೇಪಾಳಿಯ ಲಿಪಿ ದೇವನಾಗರಿ. ನಮ್ಮ ಮಕ್ಕಳು ತೃತೀಯ ಭಾಷೆಯಾಗಿ ಹಿಂದಿ ಕಲಿತಿರುವುದರಿಂದ ಬೋರ್ಡು ಓದುತ್ತಾರೆ. ಆದರೆ ಓದುವುದು ಬೇರೆ, ಮನೆಯವರೊಡನೆ ಒಲೆಯ ಮುಂದೆ ಕೂತು ಹರಟುವುದು ಬೇರೆ. ಸಿನಿಮಾ, ಟಿವಿ, ಭಾರತದಲ್ಲಿ ದುಡಿದು ಬಂದವರ ಮೂಲಕ ಹಿಂದಿ ಅಲ್ಲಿನ ಅನೇಕರಿಗೆ ಅರ್ಥವಾಗುತ್ತದೆ, ಆದ್ದರಿಂದ ಹಿಂದಿ ಸರಾಗವಾಗಿರುವ ಹುಡುಗಿ ಮೊದಲ ಸಂಜೆಯೇ ತಂಡದ ಬಾಯಿಯಾಗುತ್ತಾಳೆ. ಊಟ ಬಡಿಸುವ ಅಜ್ಜಿ ಅವಳನ್ನೇ ಕರೆಯುತ್ತಾರೆ, ಮಕ್ಕಳು ಅವಳ ಕೈಯನ್ನೇ ಹಿಡಿಯುತ್ತಾರೆ, ಮೇಡಂ ಅವಳಿಗೇ ಕೆಲಸ ವಹಿಸುತ್ತಾರೆ. ಮೈಸೂರಿನಲ್ಲಿ ಇಬ್ಬರೂ ಸರಿಸಮಾನರು, ಬಹುಶಃ ಓದಿನಲ್ಲಿ ನಿಮ್ಮ ಮಗಳೇ ಒಂದು ಕೈ ಮೇಲಿದ್ದಿರಬಹುದು. ಅಲ್ಲಿ ರಾತ್ರೋರಾತ್ರಿ ಒಬ್ಬಳು ಮುಂದೆ, ಇನ್ನೊಬ್ಬಳು ಅವಳ ನೆರಳು. ಗೆಳೆತನದಲ್ಲಿ ಯಾರಿಗೆ ಯಾವ ಸ್ಥಾನ ಎಂಬುದು ಹೀಗೆ ಇದ್ದಕ್ಕಿದ್ದಂತೆ ತಿರುಗಿದಾಗ ಹದಿನಾರರ ಹುಡುಗಿಗೆ ಅದನ್ನು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆಗ ಅದು ನ್ಯಾಯದ ವೇಷ ತೊಟ್ಟು ಹೊರಗೆ ಬರುತ್ತದೆ. ಫೋಟೋ ಬಗ್ಗೆ ನಿಮ್ಮ ಮಗಳು ಆಡಿದ ಮಾತಿನಲ್ಲಿ ನ್ಯಾಯವೂ ಇತ್ತು, ಈ ಉರಿಯೂ ಇದ್ದಿರಬಹುದು. ಇದು ಅವಳ ಮೇಲಿನ ಆರೋಪವಲ್ಲ. ದೊಡ್ಡವರ ಕಚೇರಿಗಳಲ್ಲೂ ದಿನಬೆಳಗಾದರೆ ನಡೆಯುವುದು ಇದೇ.

ಫೋಟೋದ ವಿಷಯಕ್ಕೆ ಬರೋಣ. ಸೇವೆಗೆ ಹೋದವರ ನಡುವೆ ಹುಟ್ಟುವ ಜಗಳಕ್ಕೆ ಬೇರೆ ಪ್ರವಾಸಗಳ ಜಗಳಕ್ಕಿಲ್ಲದ ಒಂದು ಮೊನೆ ಇರುತ್ತದೆ. ಸೇವೆ ಮಾಡಿದರೆ ಮನಸ್ಸು ದೊಡ್ಡದಾಗುತ್ತದೆ ಎಂದು ನಾವೆಲ್ಲ ಹೇಳಿ ಕಳಿಸುತ್ತೇವೆ. ಆದ್ದರಿಂದ ಅಲ್ಲಿ 'ನಿನ್ನದು ಶೋಕಿ' ಎಂದರೆ ಅದು 'ನೀನು ಒಳ್ಳೆಯವಳಲ್ಲ' ಎಂಬ ತೀರ್ಪಿನಂತೆ ಕೇಳಿಸುತ್ತದೆ. ಗೋವಾ ಪ್ರವಾಸದಲ್ಲಿ ಅದೇ ಮಾತು ತಮಾಷೆಯಾಗಿ ಹೋಗುತ್ತಿತ್ತು. ವಿಷಯದಲ್ಲಿ ನಿಮ್ಮ ಮಗಳ ಆಕ್ಷೇಪಣೆ ಸಾಧುವಾದದ್ದೇ. ಬೇರೆಯವರ ಮಕ್ಕಳನ್ನು ಎತ್ತಿಕೊಂಡು ತೆಗೆಸಿದ ಚಿತ್ರವನ್ನು ಅವರ ಹೆತ್ತವರನ್ನು ಕೇಳದೆ ಸ್ಟೋರಿಗೆ ಹಾಕುವುದು ಸರಿಯಲ್ಲ. ಕಾಂಬೋಡಿಯಾದಲ್ಲಿ ಮಕ್ಕಳು ಪ್ರವಾಸಿ ಆಕರ್ಷಣೆಗಳಲ್ಲ ಎಂಬ ಪ್ರಚಾರ ಆಂದೋಲನವೇ 2011ರಿಂದ ನಡೆದಿದೆ. ಸಂಸ್ಥೆ ಹೊರಡುವ ಮೊದಲೇ ಇದಕ್ಕೊಂದು ನಿಯಮ ಮಾಡಿ ಎಲ್ಲರಿಗೂ ಹೇಳಿದ್ದರೆ ಈ ಮಾತನ್ನು ಒಬ್ಬ ಹುಡುಗಿ ತನ್ನ ಗೆಳತಿಗೆ ಎಲ್ಲರೆದುರು ಹೇಳಬೇಕಾಗಿಯೇ ಬರುತ್ತಿರಲಿಲ್ಲ. ಆದರೂ ಹೇಳಿದ ರೀತಿ ಮಗಳದ್ದು, ಅದರ ಹೊಣೆ ಅವಳದ್ದೇ. ಆ ದಿನದ ಮಾತೇ ನದಿಯ ದಿನದ ಘಟನೆಗೆ ಅರ್ಥ ಕೊಟ್ಟಿತು ಎಂದು ನನ್ನ ಅಂದಾಜು: ಮೊದಲೇ ಎಲ್ಲರೆದುರು ತನ್ನನ್ನು ತೂಗಿ ನೋಡಿದವಳು ಈಗ ಮೇಡಂಗೂ ಹೇಳಿದಳು ಎಂದರೆ ಗೆಳತಿಗೆ ಅದರಲ್ಲಿ ಆತಂಕ ಕಾಣುವುದಿಲ್ಲ, ಹಗೆ ಕಾಣುತ್ತದೆ.

ಇನ್ನು ನದಿ. ನಿಜವಾದ ಗೆಳತಿ ಯಾರಿಗೂ ಹೇಳುವುದಿಲ್ಲ ಎಂಬ ನಂಬಿಕೆ ಮಕ್ಕಳಲ್ಲಿ ಬಲವಾಗಿದೆ, ದೊಡ್ಡವರೂ ಅದನ್ನು ಅರೆಮನಸ್ಸಿನಿಂದ ಮೆಚ್ಚುತ್ತಾರೆ. ಕಾಲೇಜಿಗೆ ಚಕ್ಕರ್ ಹೊಡೆದದ್ದು, ಯಾರನ್ನೋ ಇಷ್ಟಪಟ್ಟದ್ದು ಇಂಥವಕ್ಕೆ ಆ ನಿಯಮ ಇರಲಿ. ಪ್ರಾಣಕ್ಕೆ ಸಂಬಂಧಿಸಿದ್ದಕ್ಕೆ ಅದು ಸಲ್ಲದು. ಹಿಮಾಲಯದ ನದಿಗಳಿಗೆ ಮೇ ತಿಂಗಳಲ್ಲಿ ಹಿಮ ಕರಗಿದ ನೀರು ಸೇರುತ್ತಿರುತ್ತದೆ, ಮುಂಗಾರಿಗೆ ಮುಂಚಿನ ಗುಡುಗುಮಳೆ ಮೇಲಿನ ಕಣಿವೆಯಲ್ಲಿ ಬಿದ್ದರೆ ಕೆಳಗೆ ಬಿಸಿಲಿರುವಾಗಲೇ ನೀರು ಏರಬಹುದು. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು. ಅಲ್ಲಿ ಕಾರಣ ಬೇರೆ, ಆದರೆ ಗುಡ್ಡಗಾಡಿನ ನದಿಯಲ್ಲಿ ಕ್ಷಣಗಳಲ್ಲಿ ಏನಾಗಬಹುದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಇದನ್ನು ಮಗಳಿಗೆ ಒಮ್ಮೆ ಸ್ಪಷ್ಟವಾಗಿ ಹೇಳಿ, ಏಕೆಂದರೆ 'ಚಾಡಿಕೋರಿ' ಎಂಬ ಹೆಸರು ಹತ್ತು ಬಾಯಿಗಳಿಂದ ಕೇಳಿದ ಮೇಲೆ ಮಕ್ಕಳು ತಮ್ಮ ವಿವೇಕವನ್ನೇ ಅನುಮಾನಿಸತೊಡಗುತ್ತಾರೆ.

ಅದೇ ಉಸಿರಿನಲ್ಲಿ ಆ ಹುಡುಗಿಯ ಪರವಾಗಿಯೂ ಒಂದು ಮಾತು. ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹದಿಹರೆಯದವರಿಂದಲೂ ವಯಸ್ಕರಿಂದಲೂ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿದರು. ಒಬ್ಬರೇ ಆಡುವಾಗ ವಯಸ್ಸಿನಿಂದಾಗುವ ವ್ಯತ್ಯಾಸ ಕಡಿಮೆ. ಸಂಗಡಿಗರು ಪಕ್ಕದಲ್ಲಿ ನಿಂತು ನೋಡತೊಡಗಿದಾಗ ಹದಿಹರೆಯದವರು ಮೈಮೇಲೆ ಎಳೆದುಕೊಂಡ ಅಪಾಯ ಬಹಳ ಹೆಚ್ಚಿತು, ವಯಸ್ಕರಲ್ಲಿ ಹಾಗಾಗಲಿಲ್ಲ. ಅಪಾಯ ಗೊತ್ತಿಲ್ಲದೆ ಈ ಮಕ್ಕಳು ನದಿಗೆ ಇಳಿಯುವುದಿಲ್ಲ; ನಾಲ್ವರಿದ್ದಾಗ ಇಳಿಯುವುದರ ಖುಷಿ ಅಪಾಯದ ಅರಿವಿಗಿಂತ ಜೋರಾಗುತ್ತದೆ. ಆ ಶನಿವಾರ ಅವಳು ತಪ್ಪು ಮಾಡಿದಳು. ಅದು ಹದಿನಾರರ ತಪ್ಪು. ಅದರಿಂದ ಅವಳ ಸ್ವಭಾವದ ಮೇಲೆ ಶಾಶ್ವತ ಷರಾ ಬರೆಯುವಂಥದ್ದೇನೂ ಇಲ್ಲ.

ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಹೆಚ್ಚು ಹಾನಿ ಮಾಡಿದ್ದು ಹುಡುಗಿಯರಿಬ್ಬರೂ ಅಲ್ಲ. ಯಾರು ತಿಳಿಸಿದರು ಎಂಬುದನ್ನು ಇಡೀ ತಂಡದ ಮುಂದೆ ಬಾಯಿಬಿಟ್ಟು ಹೇಳಿದ ಆ ಒಂದು ವಾಕ್ಯ. ನಾಲ್ವರನ್ನೂ ಬೇರೆ ಕರೆದು ಬೈಯಬಹುದಿತ್ತು, 'ನೀವು ಕಾಣಲಿಲ್ಲ, ಹುಡುಕಿದೆವು' ಎಂದಷ್ಟೇ ಹೇಳಬಹುದಿತ್ತು, ಮನೆಗಳಿಗೆ ಫೋನ್ ಮಾಡುವ ಮೊದಲು ಹುಡುಗಿಯರಿಗೆ ತಾವೇ ಹೇಳುವ ಅವಕಾಶ ಕೊಡಬಹುದಿತ್ತು. ಮೇಡಂ ಕೂಡ ಆ ಹೊತ್ತಿನಲ್ಲಿ ಹೆದರಿ ನಡುಗಿರುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳನ್ನು ಗಡಿ ದಾಟಿಸಿ ಕರೆದೊಯ್ಯುವವರಿಗೆ ಈ ತರಬೇತಿ ಇರಬೇಕು. ಸಂಸ್ಥೆಗೆ ಈ ಬಗ್ಗೆ ಒಂದು ಶಾಂತವಾದ ಪತ್ರ ಬರೆಯಿರಿ. ಅದರಲ್ಲಿ ನಿಮ್ಮ ಮಗಳ ಪರ ವಾದ ಬೇಡ, ಮುಂದಿನ ತಂಡಕ್ಕೆ ಅವರು ಬದಲಿಸಬೇಕಾದದ್ದು ಮಾತ್ರ ಇರಲಿ.

ಈಗ ನೀವು ಮುಂದಿಟ್ಟ ದಾರಿಗಳನ್ನು ನೋಡೋಣ. ಇಬ್ಬರನ್ನೂ ಮನೆಗೆ ಕರೆದು, ಹೋಳಿಗೆ ಮಾಡಿ ಬಡಿಸಿ, 'ಆದದ್ದು ಆಯಿತು, ಕೈ ಕುಲುಕಿ' ಎನ್ನುವ ರಾಜಿ ನಮ್ಮಲ್ಲಿ ಬಹಳ ಜನಪ್ರಿಯ. ಅದನ್ನು ಮಾಡಬೇಡಿ. ತಾಯಂದಿರ ಎದುರು ಮಕ್ಕಳು ನಗುತ್ತಾರೆ, ಮೆಟ್ಟಿಲಿಳಿದ ಮೇಲೆ ಮೊದಲಿಗಿಂತ ದೂರವಾಗುತ್ತಾರೆ. ಮೇಡಂ ಎದುರು ಒಮ್ಮೆ ಆದ ಅವಮಾನ ಈಗ ಇನ್ನೂ ಇಬ್ಬರು ದೊಡ್ಡವರ ಎದುರು ಮರುಕಳಿಸಿದಂತಾಗುತ್ತದೆ. ಮುಜಾಫರ್ ಶೆರಿಫ್ ಎಂಬ ಸಮಾಜ ಮನೋವಿಜ್ಞಾನಿ 1954ರಲ್ಲಿ ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ ಹನ್ನೊಂದು-ಹನ್ನೆರಡು ವಯಸ್ಸಿನ ಹುಡುಗರ ಎರಡು ಗುಂಪುಗಳ ನಡುವೆ ಪೈಪೋಟಿ ಹಚ್ಚಿ, ಆಮೇಲೆ ಅವರನ್ನು ಒಂದುಗೂಡಿಸುವ ದಾರಿ ಹುಡುಕಿದರು. ಒಟ್ಟಿಗೆ ಊಟಕ್ಕೆ ಕೂರಿಸಿದಾಗ ಹುಡುಗರು ಅನ್ನಾಹಾರವನ್ನೇ ಪರಸ್ಪರ ಎಸೆದಾಡಿದರು. ಶಿಬಿರದ ನೀರಿನ ಸರಬರಾಜು ನಿಂತಿದೆ, ಎಲ್ಲರೂ ಸೇರಿ ಸರಿಪಡಿಸಬೇಕು ಎಂಬಂಥ ಕೆಲಸಗಳು ಒಂದರ ಮೇಲೊಂದು ಬಂದಾಗ ಹಗೆ ಇಳಿಯಿತು. ಮಕ್ಕಳ ಮೇಲೆ ಅಂಥ ಪ್ರಯೋಗ ಮಾಡಿದ್ದಕ್ಕೆ ಶೆರಿಫ್ ಟೀಕೆಗೂ ಒಳಗಾದರು, ಈಗ ಯಾವ ನೈತಿಕ ಸಮಿತಿಯೂ ಅದಕ್ಕೆ ಒಪ್ಪಿಗೆ ಕೊಡಲಾರದು. ಆದರೂ ಅದು ತೋರಿಸಿದ್ದು ನನ್ನ ಕೆಲಸದಲ್ಲಿ ಕಾಣುವುದಕ್ಕೆ ಹೊಂದುತ್ತದೆ. ನಿಮಗೆ ಅಂಥ ಕೆಲಸವನ್ನು ಹುಟ್ಟಿಸಬೇಕಾದ ಅಗತ್ಯವೂ ಇಲ್ಲ. ಜುಲೈ ಕೊನೆಗೆ ಕೊಡಬೇಕಾದ ವರದಿ ಇದೆಯಲ್ಲ, ನೀವು ಹೊರೆ ಎಂದುಕೊಂಡಿರುವ ಅದೇ ಸಾಕು.

ಅದರ ನೆಪದಲ್ಲಿ ಮಗಳು ಒಂದು ಹೆಜ್ಜೆ ಮುಂದಿಡಬಹುದು, ಒಂದೇ ಒಂದು. ಬ್ಲಾಕ್ ಮಾಡಿರುವುದರಿಂದ ಮೆಸೇಜ್ ಹೋಗದು. ಬೇರೆಯವರ ಫೋನಿನಿಂದ ಕಳಿಸುವುದು, ಮೂರನೆಯವರ ಕೈಯಲ್ಲಿ ಹೇಳಿ ಕಳಿಸುವುದು ಎರಡೂ ಬೇಡ. ಒಂದು ಚೀಟಿ ಬರೆದು ನೋಟ್ಸಿನೊಳಗಿಟ್ಟು ಕೈಗೇ ಕೊಡಲಿ. ಇಂಥ ಚೀಟಿ ಬರೆಯಲು ಕೂತ ಮಕ್ಕಳು ಒಂದೋ ಎಲ್ಲದಕ್ಕೂ ಕ್ಷಮೆ ಕೇಳಿಬಿಡುತ್ತಾರೆ, ಇಲ್ಲವೇ ಕ್ಷಮೆಯ ಹೆಸರಿನಲ್ಲಿ ವಾದ ಮುಂದುವರಿಸುತ್ತಾರೆ. ನಾನಾದರೆ ಸುಮಾರಾಗಿ ಹೀಗೆ ಬರೆಯಲು ಹೇಳುತ್ತೇನೆ, ಅವರದೇ ಮಾತಿನಲ್ಲಿ: 'ನದಿ ವಿಷಯ ಮೇಡಂಗೆ ಹೇಳಿದ್ದಕ್ಕೆ ನಾನು ಸಾರಿ ಕೇಳಲ್ಲ, ಯಾಕಂದ್ರೆ ನಂಗೆ ನಿಜವಾಗ್ಲೂ ಭಯ ಆಗಿತ್ತು. ಆದ್ರೆ ಎಲ್ಲರ ಮುಂದೆ ನಿಂಗೆ ಹಾಗಾಗಿದ್ದು ನೋಡಿ ತುಂಬಾ ಬೇಜಾರಾಯ್ತು. ಫೋಟೋ ವಿಷಯ ನಿಂಗೊಬ್ಬಳಿಗೇ ಹೇಳ್ಬೇಕಿತ್ತು, ಅದು ನನ್ನ ತಪ್ಪು. ರಿಪೋರ್ಟಲ್ಲಿ ಲೈಬ್ರರಿ ಭಾಗ ನಾನು ಬರೀತೀನಿ, ಹಳ್ಳಿಯವರ ಜೊತೆ ಮಾತಾಡಿದ್ದು ನೀನೇ ಬರೆದ್ರೆ ಚೆನ್ನಾಗಿರತ್ತೆ. ಬೇರೆ ಏನೂ ಮಾತಾಡ್ಬೇಕು ಅಂತಿಲ್ಲ.' ಇದರಲ್ಲಿ ಕೊನೆಯ ಸಾಲು ಮುಖ್ಯ. ಗೆಳತಿಗೆ ಉತ್ತರ ಕೊಡದೆ ಇರುವ ಸ್ವಾತಂತ್ರ್ಯವನ್ನು ಅದು ಉಳಿಸುತ್ತದೆ, ವರದಿಗೆ ಸೇರಿದರೆ ಸೋತಂತೆ ಎಂಬ ಭಾವನೆಯನ್ನೂ ತಪ್ಪಿಸುತ್ತದೆ. ಹಿಂದಿ ಬಲ್ಲವಳು ಅವಳೇ ಎಂಬುದನ್ನು ಅಸೂಯೆಯಿಲ್ಲದೆ ಒಪ್ಪಿಕೊಂಡದ್ದೂ ಅಲ್ಲಿ ಸದ್ದಿಲ್ಲದೆ ಬಂದಿದೆ. ಅಪಾಯವೂ ಇದೆ: ಅವಳು ಚೀಟಿಯನ್ನು ಹರಿಯಬಹುದು, ಫೋಟೋ ತೆಗೆದು ಗುಂಪಿಗೆ ಹಾಕಿ ನಗಬಹುದು. ಹಾಗಾದರೂ ತಾಳಿಕೊಳ್ಳಬಲ್ಲೆ ಎಂದು ಮಗಳಿಗೆ ಅನಿಸುವವರೆಗೆ ಕೊಡುವುದು ಬೇಡ. ನೀವು ಒತ್ತಾಯಿಸುವುದಂತೂ ಬೇಡವೇ ಬೇಡ. ವರದಿಯನ್ನು ಇಬ್ಬರೂ ಬೇರೆ ಬೇರೆ ಬರೆದು ಪಿನ್ ಹೊಡೆದು ಕೊಟ್ಟರೂ ಕಾಲೇಜಿನವರಿಗೆ ಆಗುವ ನಷ್ಟ ಏನಿಲ್ಲ. ಉಪನ್ಯಾಸಕರೊಬ್ಬರಿಗೆ ಇಷ್ಟನ್ನು ಮೊದಲೇ ತಿಳಿಸಿಡಿ, ಕಾರಣ ವಿವರಿಸಬೇಕಾಗಿಲ್ಲ.

ಗೆಳತಿಯ ತಾಯಿಯೊಡನೆ ಮಾತಾಡಬಹುದು, ಆದರೆ ಮಕ್ಕಳ ರಾಜಿಗಾಗಿ ಅಲ್ಲ. ಇಷ್ಟು ವರ್ಷದ ಒಡನಾಟ ನಿಮ್ಮಿಬ್ಬರದೂ ಹೌದು. 'ಮಕ್ಕಳ ವಿಷಯ ಅವರಿಗೆ ಬಿಡೋಣ, ನಮ್ಮ ಮಾತು ನಿಲ್ಲುವುದು ಬೇಡ' ಎಂದಿಷ್ಟು ಹೇಳಿ. ಯಾರ ಮಗಳು ಏನು ಹೇಳಿದಳು ಎಂಬ ಲೆಕ್ಕ ತೆಗೆದರೆ ಹತ್ತು ನಿಮಿಷದಲ್ಲಿ ಎರಡನೆಯ ಜಗಳ ಶುರುವಾಗುತ್ತದೆ, ಅದು ಮೊದಲನೆಯದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಸೆಕ್ಷನ್ ಬದಲಾವಣೆಯನ್ನು ಸದ್ಯ ಕೈಬಿಡಿ. ದ್ವಿತೀಯ ಪಿಯುಸಿಯ ನಡುವೆ ಉಪನ್ಯಾಸಕರು, ಲ್ಯಾಬ್ ಜೊತೆಗಾರರು, ನೋಟ್ಸು ಎಲ್ಲವೂ ಬದಲಾಗುತ್ತದೆ. ಜೊತೆಗೆ ಓಡಿಹೋದವಳು ಎಂಬ ಇನ್ನೊಂದು ಹೆಸರು ಅಂಟಿಕೊಳ್ಳುತ್ತದೆ. ಗುಂಪುಗೂಡಿ ಹೀಯಾಳಿಸುವುದು ಮುಂದುವರಿದರೆ ಮಾತ್ರ ಕಾಲೇಜಿಗೆ ತಿಳಿಸಬೇಕು. ಆಗಲೂ ಮೊದಲ ಕ್ರಮ ಹೀಯಾಳಿಸುವವರನ್ನು ತಡೆಯುವುದಾಗಿರಲಿ.

ಗೆಳತಿ ಮಾತು ಬಿಟ್ಟದ್ದಕ್ಕೆ ಇಷ್ಟು ನಿದ್ದೆಗೆಡಬೇಕೇ ಎಂದು ಮನೆಯಲ್ಲಿ ಯಾರಾದರೂ ಅಂದಿದ್ದರೆ ಅವರಿಗೆ ಇದನ್ನು ತಿಳಿಸಿ. ಮನೋವಿಜ್ಞಾನಿ ನವೊಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು 2003ರಲ್ಲಿ ಒಂದು ಸರಳ ಚೆಂಡಾಟದ ಕಂಪ್ಯೂಟರ್ ಆಟದಲ್ಲಿ ಒಬ್ಬರಿಗೆ ಚೆಂಡು ಕೊಡದೆ ಹೊರಗಿಟ್ಟು ಅವರ ಮೆದುಳಿನ ಸ್ಕ್ಯಾನ್ ನೋಡಿದಾಗ, ದೈಹಿಕ ನೋವಿನ ಸಂಕಟದಲ್ಲಿ ಚುರುಕಾಗುವ ಭಾಗವೇ ಚುರುಕಾಗಿದ್ದುದು ಕಂಡಿತು. ಮುಖ ನೋಡದ ಅಪರಿಚಿತರು ಹೊರಗಿಟ್ಟಾಗಲೇ ಹೀಗಾದರೆ ಏಳು ವರ್ಷದ ಗೆಳತಿ ಹೊರಗಿಟ್ಟಾಗ ಏನಾದೀತೆಂದು ಊಹಿಸಿಕೊಳ್ಳಿ. ಹಾಗೆಂದು ರಾತ್ರಿಯಿಡೀ ಮಗಳ ಜೊತೆ ಕೂತು ಅದೇ ಕಥೆಯನ್ನು ಮತ್ತೆ ಮತ್ತೆ ಬಿಚ್ಚುವುದೂ ಒಳ್ಳೆಯದಲ್ಲ. ಆಪ್ತರಿಬ್ಬರು ಸಮಸ್ಯೆಯೊಂದನ್ನೇ ತಿರುಗಿಸಿ ತಿರುಗಿಸಿ ಮಾತಾಡುತ್ತಿದ್ದರೆ ಆಪ್ತತೆ ಹೆಚ್ಚುತ್ತದೆ, ಹುಡುಗಿಯರಲ್ಲಿ ಜೊತೆಗೆ ಖಿನ್ನತೆ, ಆತಂಕಗಳ ಲಕ್ಷಣಗಳೂ ಹೆಚ್ಚುತ್ತವೆ ಎಂದು ಮನೋವಿಜ್ಞಾನಿ ಅಮಾಂಡಾ ರೋಸ್ ಅವರ ಅಧ್ಯಯನಗಳು ತೋರಿಸಿವೆ. ಅವರು ನೋಡಿದ್ದು ಗೆಳೆಯ-ಗೆಳತಿಯರನ್ನು, ಆದರೆ ತಾಯಿ-ಮಗಳ ನಡುವೆಯೂ ಇದೇ ಆಗುವುದನ್ನು ನಾನು ಕಾಣುತ್ತೇನೆ. ಸಂಜೆ ಒಂದಿಷ್ಟು ಹೊತ್ತು ಕೇಳಿ, ತೀರ್ಪು ಕೊಡಬೇಡಿ, ಆಮೇಲೆ ಮಾತು ಬೇರೆಡೆಗೆ ತಿರುಗಲಿ. ಮಲಗುವ ಕೋಣೆಯಿಂದ ಫೋನ್ ಹೊರಗಿರಲಿ, ಏಕೆಂದರೆ ನಡುರಾತ್ರಿ ಅವಳು ನೋಡುತ್ತಿರುವುದು ತಾನಿಲ್ಲದ ನೇಪಾಳದ ಫೋಟೋಗಳನ್ನೇ ಎಂಬುದು ಬಹುತೇಕ ಖಚಿತ.

ನಿದ್ದೆ, ಊಟ ಎರಡು ವಾರ ದಾಟಿಯೂ ದಾರಿಗೆ ಬಾರದಿದ್ದರೆ, ಕಾಲೇಜಿಗೆ ಹೋಗಲಾರೆ ಎನ್ನತೊಡಗಿದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಬೇಡವಾದರೆ ನೇರವಾಗಿ ಮನೋವೈದ್ಯರನ್ನೋ ಚಿಕಿತ್ಸಾ ಮನೋವಿಜ್ಞಾನಿಗಳನ್ನೋ ಕಾಣಿ. 'ಇದ್ದು ಏನು ಪ್ರಯೋಜನ' ಎಂಬಂಥ ಮಾತು ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಗೆಳೆತನ ಮತ್ತೆ ಕೂಡದೆಯೂ ಇರಬಹುದು. ಅಮೆರಿಕದ ಶಾಲೆಗಳಲ್ಲಿ ಏಳನೇ ತರಗತಿಯ ಗೆಳೆಯರ ಜೋಡಿಗಳನ್ನು ವರ್ಷ ವರ್ಷ ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹನ್ನೆರಡನೇ ತರಗತಿಯವರೆಗೆ ಉಳಿದವು ಶೇಕಡಾ 1ರಷ್ಟು ಮಾತ್ರ. ಅಲ್ಲಿನ ಸಂಖ್ಯೆಯನ್ನು ಹಾಗೆಯೇ ಮೈಸೂರಿಗೆ ತರಲಾಗದು. ನಮ್ಮಲ್ಲಿ ಒಂದೇ ಬಡಾವಣೆ, ಒಂದೇ ಶಾಲೆ, ಎರಡು ಮನೆಗಳ ಬಳಕೆ ಗೆಳೆತನವನ್ನು ಹೆಚ್ಚು ಕಾಲ ಹಿಡಿದಿಡುತ್ತದೆ. ಆದರೂ ನಿಮ್ಮ ಮಗಳಿಗೆ ಆಗಿರುವುದು ಅಪರೂಪದ ದುರಂತವೇನೂ ಅಲ್ಲ ಎಂಬುದಕ್ಕೆ ಅಷ್ಟು ಸಾಕು. ಒಬ್ಬಳೇ ಆಪ್ತ ಗೆಳತಿ ಎಂದು ನೀವು ಬರೆದಿದ್ದೀರಿ. ಈಗ ಇಷ್ಟು ನೋಯುತ್ತಿರುವುದಕ್ಕೆ ಅದೂ ಒಂದು ಕಾರಣ. ಆ ಹದಿನಾಲ್ಕು ದಿನಗಳಲ್ಲಿ ಗ್ರಂಥಾಲಯದ ಪುಸ್ತಕ ಜೋಡಿಸುವಾಗ ಅವಳ ಜೊತೆ ಇದ್ದವರು ಯಾರು, ಹೊಟ್ಟೆ ಕೆಟ್ಟ ದಿನ ಜೀರಿಗೆ ನೀರು ತಂದುಕೊಟ್ಟವರು ಯಾರಾದರೂ ಇದ್ದರೇ ಎಂದು ಕೇಳಿ ನೋಡಿ. ಇಂಥ ಜಗಳದ ನೆರಳಿನಲ್ಲಿ ಮಕ್ಕಳಿಗೆ ಹೊಸದಾಗಿ ಸಿಕ್ಕ ಪರಿಚಯಗಳು ಕಾಣದೆಯೇ ಹೋಗುತ್ತವೆ.

ಕೊನೆಯದಾಗಿ, ಮತ್ತೆ ಕಳಿಸಬೇಕೇ ಎಂಬ ಪ್ರಶ್ನೆ. ಪಾಸ್‌ಪೋರ್ಟ್ ಬೇಡವೆಂದು ಅಳುಕು ಹುಟ್ಟಲಿಲ್ಲ ಎಂದಿರಿ. ನೇಪಾಳ ಹತ್ತಿರದ ದೇಶ ನಿಜ, ಆದರೆ ಇಲ್ಲಿನ ಸಿಮ್ ರೋಮಿಂಗ್ ಇಲ್ಲದೆ ಅಲ್ಲಿ ಕೆಲಸ ಮಾಡದು, ರಾತ್ರಿ ಮನೆಗೆ ಫೋನ್ ಮಾಡಿ ಅತ್ತು ಹಗುರಾಗುವ ದಾರಿ ಮಗಳಿಗೆ ಇರಲಿಲ್ಲವೆಂದೇ ತೋರುತ್ತದೆ. ಮುಂದಿನ ಸಲ ಯಾವ ಸಂಸ್ಥೆಯೇ ಆಗಲಿ, ಹಣ ಕಟ್ಟುವ ಮೊದಲು ಕೆಲವನ್ನು ಕೇಳಿ ಲಿಖಿತ ಉತ್ತರ ಪಡೆಯಿರಿ: ಮಕ್ಕಳು ಗುಟ್ಟಾಗಿ ದೂರು ಹೇಳಲು ಯಾರಿದ್ದಾರೆ, ಹೇಳಿದವರ ಹೆಸರು ಹೊರಬೀಳದಂತೆ ಏನು ವ್ಯವಸ್ಥೆ, ಫೋಟೋ ನಿಯಮವೇನು, ಮನೆಯೊಡನೆ ಮಾತಾಡಲು ಎಷ್ಟು ಹೊತ್ತು, ಕೋಣೆಗಳನ್ನು ಹೇಗೆ ಹಂಚುತ್ತಾರೆ. ಆಪ್ತ ಗೆಳತಿಯರು ಒಂದೇ ತಂಡದಲ್ಲಿ ಹೋಗಲಿ, ಆದರೆ ಬೇರೆ ಕೋಣೆ, ಬೇರೆ ಕೆಲಸದ ಗುಂಪು ಇರಲಿ ಎಂದು ನಾನು ಸಾಮಾನ್ಯವಾಗಿ ಹೇಳುತ್ತೇನೆ. ಹೆತ್ತವರು ಇದಕ್ಕೆ ಮುಖ ಸಿಂಡರಿಸುತ್ತಾ ಬಂದಿದ್ದಾರೆ, ಮಕ್ಕಳು ಎರಡನೆಯ ದಿನಕ್ಕೆ ಹೊಂದಿಕೊಳ್ಳುತ್ತಾರೆ. ಶಾಲೆಯ ಬದಲು ಅನಾಥಾಲಯಕ್ಕೆ ಕರೆದೊಯ್ಯುತ್ತೇವೆ ಎಂದರೆ ಬೇಡವೆನ್ನಿ. ನೇಪಾಳದಲ್ಲೂ ಕಾಂಬೋಡಿಯಾದಲ್ಲೂ ಅಂಥ ಮನೆಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿಯೇ ಇದ್ದಾರೆ, ಬಂದುಹೋಗುವ ಸ್ವಯಂಸೇವಕರ ಹಣವೇ ಆ ಮಕ್ಕಳನ್ನು ಮನೆಯಿಂದ ದೂರವಿಡಲು ಒಂದು ಕಾರಣವಾಗಿದೆ. ಬರುವ ಬೇಸಿಗೆ ಹೇಗಿದ್ದರೂ ದ್ವಿತೀಯ ಪಿಯುಸಿ ಪರೀಕ್ಷೆಯ ಬೆನ್ನಿಗೇ ಸಿಇಟಿ ಇರುತ್ತದೆ, ಆದ್ದರಿಂದ ಈ ನಿರ್ಧಾರಕ್ಕೆ ಅವಸರವಿಲ್ಲ. ಅಲ್ಲಿಯವರೆಗೆ ಮಗಳು ತಾನಾಗಿಯೇ ಮತ್ತೆ ಹೋಗುತ್ತೇನೆ ಎಂದರೆ, ಯಾರ ಜೊತೆ ಎಂಬುದನ್ನೂ ಅವಳೇ ಹೇಳಲಿ.